ಪ್ರಿಫಿಕ್ಸ್ ಉದ್ದ ಕೈಯಲ್ಲಿ ಎಣಿಸಿ ಬರೆದಿದ್ದಕ್ಕೆ ಮಂಡ್ಯದ ಫೋನು ಮೈಸೂರಲ್ಲಿ ರಿಂಗಾಯ್ತು

ಒಂಟಿಕೊಪ್ಪಲ್ ಪಾಯಿಂಟರ್

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಕೋಡ್ ಅಂಟಿಸಿದರೆ ಸಾಲುಗಳೆಲ್ಲ ಕಲಸಿಹೋಗುತ್ತೆ. ಅದಕ್ಕೆ ಫಂಕ್ಷನ್ ಹೆಸರುಗಳನ್ನ ನಾವು ಆಫೀಸಲ್ಲಿ ಬಾಯಲ್ಲಿ ಹೇಳೋ ಹಾಗೇ ಬರೀತಿದ್ದೀನಿ. ಸಿ ಗೊತ್ತಿರೋರಿಗೆ ಅರ್ಥ ಆಗುತ್ತೆ. ಪ್ರಿಫಿಕ್ಸ್ ಅಂದ್ರೆ ಸ್ಟ್ರಿಂಗಿನ, ಅಂದ್ರೆ ಅಕ್ಷರಗಳ ಸಾಲಿನ, ಶುರುವಿನ ಭಾಗ.

ಕೆಲವು ವರ್ಷದ ಹಿಂದೆ ಮೈಸೂರಲ್ಲಿ ಒಂದು ಕಚೇರಿಗೆ ಹಳೇ ಸಿ ಪ್ರೋಗ್ರಾಂ ನೋಡಿಕೊಳ್ತಿದ್ದೆ. ಗ್ರಾಹಕರ ಲ್ಯಾಂಡ್‌ಲೈನ್ ನಂಬರುಗಳ ಪಟ್ಟಿ ಓದಿ, ದಿನಾ ಬೆಳಿಗ್ಗೆ ತಾನೇ ಡಯಲ್ ಮಾಡಿ, ಬಾಕಿ ಇದೆ ಅಂತ ರೆಕಾರ್ಡ್ ಮಾಡಿದ ಮಾತು ಕೇಳಿಸೋದು ಅದರ ಕೆಲಸ. ಶುರುವಿನಲ್ಲಿ ಮೈಸೂರಿನ ಗ್ರಾಹಕರು ಮಾತ್ರ ಇದ್ರು. ಹಾಗಾಗಿ ಕೋಡ್ ಸರಳವಾಗಿತ್ತು: ನಂಬರ್ 0821ರಿಂದ ಶುರುವಾಗುತ್ತಾ ಅಂತ ಸ್ಟ್ರ್‌ಎನ್‌ಕಂಪ್‌ನಲ್ಲಿ (ಎರಡು ಸ್ಟ್ರಿಂಗುಗಳ ಮೊದಲ ಇಷ್ಟು ಭಾಗ ಒಂದೇನಾ ನೋಡೋ ಫಂಕ್ಷನ್) 4 ಕೊಟ್ಟು ನೋಡೋದು, ಹೌದಾದರೆ ಪಾಯಿಂಟರನ್ನ, ಅಂದ್ರೆ ಸ್ಟ್ರಿಂಗಲ್ಲಿ ಎಲ್ಲಿದ್ದೀವಿ ಅಂತ ತೋರಿಸೋ ವಿಳಾಸವನ್ನ, 4 ಮುಂದಕ್ಕೆ ತಳ್ಳೋದು. ಉಳಿದ ಏಳಂಕಿ ಲೋಕಲ್ ನಂಬರ್.

ಆಮೇಲೆ ಮಂಡ್ಯದ ಗ್ರಾಹಕರು ಸೇರಿದ್ರು. ನಾನು ಏನು ಮಾಡಿದೆ? ಎಲ್ಲರೂ ಮಾಡೋದನ್ನೇ. ಆ ನಾಲ್ಕು ಸಾಲು ಕಾಪಿ ಮಾಡಿ ಕೆಳಗೆ ಇಟ್ಟೆ, 0821 ಇದ್ದ ಕಡೆ 08232 ಅಂತ ತಿದ್ದಿದೆ. ಎರಡು ಕಡೆ ಇದ್ದ 4 ಹಾಗೇ ಉಳೀತು.

ಈಗ ಆದದ್ದು ನೋಡಿ. ಹೋಲಿಕೆ ಮೊದಲ ನಾಲ್ಕಂಕಿಗೆ ಮಾತ್ರ, ಅಂದ್ರೆ 0823 ಇದ್ದರೆ ಸಾಕು, ಪಾಸ್. ಆಮೇಲೆ ನಾಲ್ಕು ಹಾರಿದರೆ ಕೋಡಿನ ಕೊನೇ 2 ಹಿಂದೆ ಉಳಿಯುತ್ತೆ. ಮಂಡ್ಯದ ನಂಬರ್ ಆರಂಕಿ. ಅದರ ಮುಂದೆ ಈ 2 ಸೇರಿ ಏಳಂಕಿ ಆಯ್ತು. ನಮ್ಮ ಡಯಲ್ ಮಾಡೋ ಭಾಗದಲ್ಲಿ ಇದ್ದ ನಿಯಮ ಏನು ಗೊತ್ತಾ? ಆರಂಕಿ ಇದ್ರೆ ಮುಂದೆ ಮಂಡ್ಯದ ಕೋಡ್ ಹಾಕು, ಏಳಂಕಿ ಇದ್ರೆ ಮೈಸೂರು, ನೇರ ಡಯಲ್ ಮಾಡು.

ಹೆಚ್ಚಿನವಕ್ಕೆ ಆ ನಂಬರೇ ಇಲ್ಲ ಅಂತ ಬಂತು. ನಮ್ಮವರು ಮಂಡ್ಯದ ಲೈನುಗಳು ಸರಿ ಇಲ್ಲ ಅಂದುಕೊಂಡ್ರು. ಕೆಲವು ಮಾತ್ರ ನಿಜವಾಗಿ ರಿಂಗಾದವು. ಕುವೆಂಪುನಗರದ ಒಬ್ಬ ಅಜ್ಜಿ ಕಚೇರಿಗೇ ತಿರುಗಿ ಫೋನ್ ಮಾಡಿದ್ರು. 'ಮೂರು ದಿನದಿಂದ ಬೆಳಿಗ್ಗೆ ಪೂಜೆ ಹೊತ್ತಿಗೆ ಸರಿಯಾಗಿ ನನ್ನ ಹತ್ರ ದುಡ್ಡು ಕೇಳ್ತಿದ್ದೀರಲ್ಲಪ್ಪ, ನಾನು ಯಾವ ಸಾಲ ಮಾಡಿದ್ದೀನಿ?' ಅಂದ್ರು. ಆ ಫೋನ್ ಎತ್ತಿದವನು ನಾನೇ.

ಕಂಪೈಲರ್ ಒಂದು ವಾರ್ನಿಂಗ್ ಕೊಡಲಿಲ್ಲ. ಕ್ರ್ಯಾಶ್ ಇಲ್ಲ, ಮೆಮೊರಿ ತಪ್ಪು ಇಲ್ಲ, ಅಂಥ ತಪ್ಪು ಹಿಡಿಯೋ ಯಾವ ಸ್ಯಾನಿಟೈಜರ್ ಓಡಿಸಿದ್ರೂ ಸಿಗ್ತಿರಲಿಲ್ಲ. ಸಿ ಭಾಷೆಯ ಲೆಕ್ಕದಲ್ಲಿ ಅದು ಅಚ್ಚುಕಟ್ಟಾದ ಪ್ರೋಗ್ರಾಂ.

ಅವತ್ತಿಂದ ನನ್ನ ಹಟ ಒಂದೇ. ಪ್ರಿಫಿಕ್ಸಿನ ಉದ್ದವನ್ನ ಮನುಷ್ಯ ಎಣಿಸಿ ಬರೀಬಾರದು. ಅಷ್ಟೇ ಅಲ್ಲ, 'ಇದೆಯಾ ನೋಡು' ಅನ್ನೋದು, 'ಅದನ್ನ ದಾಟು' ಅನ್ನೋದು ಎರಡು ಬೇರೆ ಸಾಲು ಆಗಿರಬಾರದು. ಒಂದೇ ಫಂಕ್ಷನ್ ಎರಡನ್ನೂ ಮಾಡಬೇಕು. ಸ್ಟ್ರಿಂಗ್ ಕೊಡಿ, ಪ್ರಿಫಿಕ್ಸ್ ಕೊಡಿ, ಉಳಿದ ಭಾಗ ಎಲ್ಲಿಂದ ಶುರು ಅಂತ ಬರೆಯೋಕೆ ಒಂದು ಪಾಯಿಂಟರಿನ ವಿಳಾಸ ಕೊಡಿ. ಹೊಂದಿದ್ರೆ ಅದನ್ನ ಬರೆದು ಹೌದು ಅನ್ನಲಿ. ಹೊಂದದಿದ್ರೆ ಅದನ್ನ ಮುಟ್ಟದೆ ಇಲ್ಲ ಅನ್ನಲಿ. ನಿಮ್ಮ ಕಡೆ ಹೇಗೆ ಮಾಡ್ತೀರಿ?

ಸಕ್ಕರೆನಾಡಿನವ

ಅಲ್ಲಾ ಗುರು, ಮಂಡ್ಯದೋರ ಬಾಕಿಗೆ ಮೈಸೂರು ಅಜ್ಜಿ ಹತ್ರ ವಸೂಲಿಗೆ ಹೋಗಿದ್ದೀಯಲ್ಲ! ನಮ್ಮೂರಲ್ಲಿ ನೆಮ್ಮದಿಯಾಗಿ ಮಲಗಿರ್ತಾರೆ ಬುಡು ಜನ.

ಒಸಿ ಕೇಳ್ತೀನಿ. ಇದಕ್ಕೆ ಹೊಸ ಫಂಕ್ಷನ್ ಯಾಕೆ? ಎಷ್ಟು ಬೈಟ್ ಅಂತ ಹೇಳೋ ಸೈಜಾಫ್ ಹಾಕಿ ಒಂದು ಕಳೆದ್ರೆ ಆಯ್ತಲ್ಲ. 08232ಕ್ಕೆ ಸೈಜಾಫ್ 6 ಬತ್ತದೆ, ಸ್ಟ್ರಿಂಗ್ ಮುಗೀತು ಅಂತ ತೋರ್ಸೋ ಕೊನೇ ಸೊನ್ನೆ ಬೈಟೂ ಸೇರಿ. ಒಂದು ಕಳೆ, 5. ಎಣಿಸೋ ಗೋಜೇ ಇಲ್ಲ. ನಾನು ಹತ್ತು ವರ್ಷದಿಂದ ಹಂಗೇ ಬರೀತಿವ್ನಿ.

ಹೆಬ್ಬಾಳ ಎಂಬೆಡೆಡ್

ಸಕ್ಕರೆನಾಡಿನವರೇ, ಹತ್ತು ವರ್ಷ ನಿಮಗೆ ಅದೃಷ್ಟ ಇತ್ತು ಅಷ್ಟೆ.

ಕೋಟ್ ಒಳಗೆ ನೇರವಾಗಿ ಬರೆದ ಸ್ಟ್ರಿಂಗಿಗೆ ನಿಮ್ಮ ಲೆಕ್ಕ ಸರಿ. ಆದರೆ ನಾಳೆ ಊರು ಹೆಚ್ಚಾಯ್ತು ಅಂತ ಕೋಡುಗಳನ್ನೆಲ್ಲ ಒಂದು ಟೇಬಲ್ಲಿಗೆ ಹಾಕ್ತೀರಿ. ಈಗ ಆ ಜಾಗದಲ್ಲಿ ಇರೋದು ಪಾಯಿಂಟರ್. ಸೈಜಾಫ್ ಕೊಡೋದು ಪಾಯಿಂಟರಿನ ಗಾತ್ರ, ಸ್ಟ್ರಿಂಗಿಂದಲ್ಲ. ಸಾಲು ಒಂದಕ್ಷರ ಬದಲಾಗಿಲ್ಲ, ಅರ್ಥ ಪೂರ್ತಿ ಬದಲಾಗಿದೆ.

ಇವರ ಉದಾಹರಣೆಯಲ್ಲೇ ನೋಡಿ. ಮೇಜಿನ ಮೇಲಿನ 64 ಬಿಟ್ ಪಿಸಿಯಲ್ಲಿ ಪಾಯಿಂಟರ್ 8 ಬೈಟ್, ಒಂದು ಕಳೆದ್ರೆ 7. ಸ್ಟ್ರ್‌ಎನ್‌ಕಂಪ್ 08232 ಮುಗಿದ ಮೇಲೂ ಹೋಲಿಸೋಕೆ ಹೋಗಿ, ಆರನೇ ಜಾಗದಲ್ಲಿ ಒಂದು ಕಡೆ ಅಂಕಿ, ಇನ್ನೊಂದು ಕಡೆ ಕೊನೇ ಸೊನ್ನೆ ನೋಡಿ, ಹೊಂದಲ್ಲ ಅನ್ನುತ್ತೆ. ಯಾವ ನಂಬರೂ ಹೊಂದಲ್ಲ. ಅದೇ ಕೋಡನ್ನ ನಮ್ಮ 32 ಬಿಟ್ ಮೈಕ್ರೋಕಂಟ್ರೋಲರಿಗೆ ಹಾಕಿ. ಪಾಯಿಂಟರ್ 4, ಒಂದು ಕಳೆದ್ರೆ 3. ಈಗ ಹೋಲಿಸೋದು 082 ಮಾತ್ರ. ಮೈಸೂರೂ ಹೊಂದುತ್ತೆ, ಮಂಡ್ಯನೂ ಹೊಂದುತ್ತೆ. ಪಿಸಿಯಲ್ಲಿ ಎಲ್ಲಕ್ಕೂ ಇಲ್ಲ, ಬೋರ್ಡಿನಲ್ಲಿ ಎಲ್ಲಕ್ಕೂ ಹೌದು. ಡೀಬಗ್ ಮಾಡೋರ ಗತಿ ಯೋಚಿಸಿ.

ಸೈಜಾಫ್ ಸಾಲನ್ನೇ ಮ್ಯಾಕ್ರೋ, ಅಂದ್ರೆ ಕಂಪೈಲಿಗೆ ಮೊದಲು ಕೋಡಲ್ಲಿ ಬಿಡಿಸಿಕೊಂಡು ಕೂರೋ ಚುಟುಕು ಹೆಸರು, ಮಾಡಲೇಬೇಕು ಅಂದ್ರೆ ಒಂದು ಉಪಾಯ ಇದೆ. ಮ್ಯಾಕ್ರೋ ಒಳಗೆ ಆರ್ಗ್ಯುಮೆಂಟಿನ ಹಿಂದೆ ಮುಂದೆ ಒಂದೊಂದು ಖಾಲಿ ಕೋಟ್ ಜೋಡಿ ಹಾಕಿ. ಅಕ್ಕಪಕ್ಕದ ಸ್ಟ್ರಿಂಗುಗಳನ್ನ ಕಂಪೈಲರ್ ಅಂಟಿಸಿ ಒಂದು ಮಾಡುತ್ತಲ್ಲ, ಹಾಗಾಗಿ ನಿಜವಾದ ಸ್ಟ್ರಿಂಗ್ ಕೊಟ್ಟರೆ ಏನೂ ವ್ಯತ್ಯಾಸ ಇಲ್ಲ. ಪಾಯಿಂಟರ್ ಕೊಟ್ಟರೆ ಕಂಪೈಲೇ ಆಗಲ್ಲ. ಆದರೂ ನನ್ನ ಓಟು ಒಂಟಿಕೊಪ್ಪಲ್ ಅವರ ಫಂಕ್ಷನ್ನಿಗೇ.

ಇನ್ನೊಂದು. ಒಂದು ಕಳೆಯೋದನ್ನ ಮರೆತರೆ ಏನಾಗುತ್ತೆ ಅಂತ ಯಾರೂ ಹೇಳಲ್ಲ. ಕೊನೇ ಸೊನ್ನೆಯನ್ನೂ ಸೇರಿಸಿ ಹೋಲಿಸುತ್ತೆ. ಪ್ರಿಫಿಕ್ಸ್ ನೋಡೋ ಸಾಲು ಸದ್ದಿಲ್ಲದೆ 'ಪೂರ್ತಿ ಇದೇನಾ' ಅಂತ ನೋಡೋ ಸಾಲಾಗಿಬಿಡುತ್ತೆ.

ಐದನೇ ಸೆಮ್

ಸಾರ್, ಮೇಡಂ, ಡೌಟು. ನಮ್ಮ ಲ್ಯಾಬಲ್ಲಿ ಮೆಮ್‌ಕಂಪ್ (ಬೈಟುಗಳನ್ನ ಹಾಗೇ ಹೋಲಿಸೋದು) ಫಾಸ್ಟ್, ಅದನ್ನೇ ಹಾಕಿ ಅಂದ್ರು. ಪ್ರಿಫಿಕ್ಸಿಗೆ ಅದು ಸಾಕಲ್ವಾ? ಮತ್ತೆ ಸಮ ಆದ್ರೆ ಸೊನ್ನೆ ಯಾಕೆ ಬರುತ್ತೆ, ನನಗೆ ಪ್ರತೀ ಸಲ ಉಲ್ಟಾ ಆಗುತ್ತೆ. ಇಂಟರ್ನಲ್ಸ್‌ನಲ್ಲಿ ಇದಕ್ಕೇ ಎರಡು ಮಾರ್ಕ್ಸ್ ಹೋಯ್ತು.

ಸರಸ್ವತಿಪುರಂ ಮೇಷ್ಟ್ರು

ಎರಡು ಮಾರ್ಕ್ಸಿಗೆ ಹೋಗಿದ್ದು ಪುಣ್ಯ ಕಣಪ್ಪ, ಕೆಲಸಕ್ಕೆ ಸೇರಿದ ಮೇಲೆ ಹೋಗಿದ್ರೆ ಏನು ಗತಿ.

ಸೊನ್ನೆ ಯಾಕೆ ಅಂದ್ರೆ, ಸ್ಟ್ರ್‌ಕಂಪ್ ಕುಟುಂಬ ಹುಟ್ಟಿದ್ದು 'ಸಮಾನಾ' ಅಂತ ಕೇಳೋಕಲ್ಲ, 'ಡಿಕ್ಷನರಿಯಲ್ಲಿ ಯಾವುದು ಮೊದಲು' ಅಂತ ಕೇಳೋಕೆ. ಮೊದಲನೇದು ಮುಂಚೆ ಬಂದ್ರೆ ಮೈನಸ್, ಆಮೇಲೆ ಬಂದ್ರೆ ಪ್ಲಸ್, ಎರಡೂ ಒಂದೇ ಆದ್ರೆ ಸೊನ್ನೆ. ವಿಂಗಡಿಸೋಕೆ ಅದು ಸರಿ. ಪ್ರಿಫಿಕ್ಸಿಗೆ ನಮಗೆ ಬೇಕಿರೋದು ಹೌದು, ಇಲ್ಲ ಎರಡೇ. ಅಲ್ಲಿ ಸೊನ್ನೆಯನ್ನ ಹೌದು ಅಂತ ಓದೋ ಕಸರತ್ತಿಗೆ ಅನುಭವಸ್ಥರೇ ಬೀಳ್ತಾರೆ. ಕೋಡಿನ ಹಳೇ ಹೊಸ ಆವೃತ್ತಿಗಳನ್ನ ಕಾಯೋ ಗಿಟ್ ಪ್ರಾಜೆಕ್ಟಿನ ಕೋಡ್ ತೆಗೆದು ನೋಡು. ಅದರಲ್ಲಿ ಮುಂಚೆ ಪ್ರಿಫಿಕ್ಸ್‌ಕಂಪ್ ಅನ್ನೋ ಫಂಕ್ಷನ್ ಇತ್ತು, ಇದೇ ಸೊನ್ನೆ ಪದ್ಧತಿ. ಅದನ್ನ ಬಿಟ್ಟು ಸ್ಟಾರ್ಟ್ಸ್‌ವಿತ್ ತಂದ್ರು, ಹೊಂದಿದ್ರೆ 1. ಆಮೇಲೆ 2014ರಲ್ಲಿ ಅವರ ಸ್ಕಿಪ್‌ಪ್ರಿಫಿಕ್ಸಿಗೆ ಒಂಟಿಕೊಪ್ಪಲ್ ಹೇಳಿದಂಥದೇ ರೂಪ ಬಂತು, ಉತ್ತರ ಒಂದು ಕಡೆ, ಉಳಿದ ಭಾಗದ ಪಾಯಿಂಟರ್ ಇನ್ನೊಂದು ಕಡೆ.

ಲಿನಕ್ಸ್ ಕರ್ನಲ್ಲಿನವರು ಬೇರೆ ದಾರಿ ಹಿಡಿದ್ರು. 2018ರ ಡಿಸೆಂಬರಲ್ಲಿ ಸ್ಟೀವನ್ ರಾಸ್ಟೆಡ್ ಸೇರಿಸಿದ ಸ್ಟ್ರ್‌ಹ್ಯಾಸ್‌ಪ್ರಿಫಿಕ್ಸ್, ಹೊಂದಿದ್ರೆ ಪ್ರಿಫಿಕ್ಸಿನ ಉದ್ದವನ್ನೇ ಕೊಡುತ್ತೆ, ಇಲ್ಲದಿದ್ರೆ ಸೊನ್ನೆ. ಅಷ್ಟು ಮುಂದಕ್ಕೆ ನೀನೇ ಹಾರಿಕೋ ಅಂತ. ಅದೂ ಚೆನ್ನಾಗಿದೆ, ಖಾಲಿ ಪ್ರಿಫಿಕ್ಸ್ ಕೊಟ್ಟಾಗ ಮಾತ್ರ ಹೊಂದಿದೆಯೋ ಇಲ್ಲವೋ ಗೊತ್ತಾಗಲ್ಲ. ಖಾಲಿ ಪ್ರಿಫಿಕ್ಸ್ ಯಾರು ಕೊಡ್ತಾರೆ ಅಂದ್ರೆ, ಕಾನ್ಫಿಗ್ ಫೈಲಿಂದ ಓದೋ ಪ್ರೋಗ್ರಾಂಗಳು ಕೊಡ್ತಾವೆ.

ಮೆಮ್‌ಕಂಪ್ ವಿಷಯ. ಅದಕ್ಕೆ ಸ್ಟ್ರಿಂಗ್ ಮುಗಿಯೋದೇ ಗೊತ್ತಿಲ್ಲ. 5 ಅಂದ್ರೆ 5 ಬೈಟೂ ಓದಬಹುದು, ಮೊದಲನೇದರಲ್ಲೇ ವ್ಯತ್ಯಾಸ ಸಿಕ್ಕಿದ್ರೂ. ಬಳಕೆದಾರ ಎರಡೇ ಅಂಕಿ ಟೈಪ್ ಮಾಡಿದ್ದು ಮೂರು ಬೈಟಿನ ಬಫರಲ್ಲಿ ಇದ್ರೆ ಬೇಲಿ ದಾಟಿ ಪಕ್ಕದ ಹೊಲಕ್ಕೆ ಕಾಲಿಟ್ಟ ಹಾಗೆ. ಹೆಚ್ಚಿನ ದಿನ ಪಕ್ಕದ ಹೊಲದವನು ಏನೂ ಅನ್ನಲ್ಲ. ಉದ್ದ ಮೊದಲೇ ಗೊತ್ತಿದ್ದು, ಅದು ಪ್ರಿಫಿಕ್ಸಿಗಿಂತ ಕಮ್ಮಿ ಇಲ್ಲ ಅಂತ ನೋಡಿಕೊಂಡಿದ್ರೆ ಮಾತ್ರ ಮೆಮ್‌ಕಂಪ್. ವೇಗದ ಮಾತು ಬಿಡು, ಕೋಟಲ್ಲಿರೋ ಸ್ಟ್ರಿಂಗಿನ ಉದ್ದ ಎಣಿಸೋ ಸ್ಟ್ರ್‌ಲೆನ್ ಅನ್ನು ಆಪ್ಟಿಮೈಸ್ ಮಾಡುವಾಗ ಕಂಪೈಲರೇ ಲೆಕ್ಕ ಹಾಕಿಬಿಡುತ್ತೆ.

ಐದನೇ ಸೆಮ್

ಥ್ಯಾಂಕ್ಸ್ ಸಾರ್. ಹಂಗಾದ್ರೆ ಒಂಟಿಕೊಪ್ಪಲ್ ಸಾರ್ ಫಂಕ್ಷನ್ನಿಗೂ ಉದ್ದ ಕೊಡ್ತಿಲ್ಲ. ಅದು ಬೇಲಿ ದಾಟಲ್ವಾ?

ಒಂಟಿಕೊಪ್ಪಲ್ ಪಾಯಿಂಟರ್

ಒಳ್ಳೇ ಪ್ರಶ್ನೆ. ಅದರ ಒಳಗೆ ಇರೋದು ಒಂದು ಪುಟ್ಟ ಲೂಪ್. ಪ್ರತೀ ಹೆಜ್ಜೆಗೂ ಮೊದಲು ಪ್ರಿಫಿಕ್ಸ್ ಮುಗೀತಾ ನೋಡುತ್ತೆ. ಮುಗಿದಿದ್ರೆ ಗೆದ್ದಂತೆ, ಈಗ ಸ್ಟ್ರಿಂಗಲ್ಲಿ ಎಲ್ಲಿದ್ದೀವೋ ಅದೇ ಉಳಿದ ಭಾಗ. ಮುಗಿದಿಲ್ಲ ಅಂದ್ರೆ ಎರಡರ ಈಗಿನ ಅಕ್ಷರ ಒಂದೇನಾ ನೋಡುತ್ತೆ. ಬೇರೆ ಆದ್ರೆ ಸೋತಂತೆ. ಒಂದೇ ಆದ್ರೆ ಎರಡನ್ನೂ ಒಂದು ಮುಂದೆ ಸರಿಸುತ್ತೆ.

ಸ್ಟ್ರಿಂಗ್ 08 ಮಾತ್ರ, ಪ್ರಿಫಿಕ್ಸ್ 0821 ಅಂತಿಟ್ಟುಕೋ. 0ಕ್ಕೆ 0 ಸರಿ. 8ಕ್ಕೆ 8 ಸರಿ. ಮೂರನೇ ಹೆಜ್ಜೆಗೆ ಸ್ಟ್ರಿಂಗಲ್ಲಿ ಕೊನೇ ಸೊನ್ನೆ ಬೈಟ್, ಪ್ರಿಫಿಕ್ಸಲ್ಲಿ 2. ಪ್ರಿಫಿಕ್ಸ್ ಮುಗಿದಿಲ್ಲ ಅಂತ ಆಗಲೇ ನೋಡಿಯಾಗಿದೆ, ಹಾಗಾಗಿ ಅಲ್ಲಿರೋದು ಸೊನ್ನೆ ಬೈಟ್ ಆಗಿರೋಕೆ ಸಾಧ್ಯವೇ ಇಲ್ಲ. ಎರಡೂ ಬೇರೆ ಆಗಲೇಬೇಕು, ಅಲ್ಲೇ ನಿಲ್ಲುತ್ತೆ. ಚಿಕ್ಕ ಸ್ಟ್ರಿಂಗ್ ತಾನೇ ಬೇಲಿ ಆಗುತ್ತೆ.

ಸ್ಟ್ರಿಂಗಿನ ಕೊನೆಗೆ ಸೊನ್ನೆ ಬೈಟ್ ಇರಲೇಬೇಕು ಅನ್ನೋದು ಷರತ್ತು. ಸೀರಿಯಲ್ ಪೋರ್ಟಿಂದ ಬಂದ ಹಸಿ ಬಫರಿಗೆ ಅದು ಇರಲ್ಲ, ಅಲ್ಲಿ ಉದ್ದವನ್ನೂ ತೆಗೆದುಕೊಳ್ಳೋ ಇನ್ನೊಂದು ಫಂಕ್ಷನ್ ಬರೆದಿಟ್ಟುಕೊಳ್ಳಬೇಕು.

ರಸ್ಟ್ ಹಿಡಿದವನು

2020ರಿಂದ ಪೈಥಾನಿನಲ್ಲೇ ರಿಮೂವ್‌ಪ್ರಿಫಿಕ್ಸ್ ಇದೆ. ರಸ್ಟಿನಲ್ಲಿ ಸ್ಟ್ರಿಪ್‌ಪ್ರಿಫಿಕ್ಸ್ ಇದೆ. ಇನ್ನೂ ಸಿಯಲ್ಲಿ ಅಕ್ಷರ ಎಣಿಸ್ತಾ ಕೂತಿದ್ದೀರಲ್ಲ.

ಹೆಬ್ಬಾಳ ಎಂಬೆಡೆಡ್

ನಾನು ಕೋಡ್ ಹಾಕೋ ಚಿಪ್ಪಲ್ಲಿ ಪೈಥಾನ್ ಕೂರೋ ಜಾಗ ಇದ್ದಿದ್ರೆ ಇಷ್ಟೊತ್ತಿಗೆ ಮನೆಗೆ ಹೋಗಿರ್ತಿದ್ದೆ. ರಸ್ಟ್ ಕಲೀತಿದ್ದೀನಿ, ಸುಳ್ಳು ಹೇಳಲ್ಲ. ಹಳೇ ಕೋಡ್ ಯಾರು ಬದಲಾಯಿಸ್ತಾರೆ, ನೀವು ಬರ್ತೀರಾ?

ಪಾಂಡವಪುರ ಯೂನಿಕೋಡ್

ನೀವೆಲ್ಲ ಅಂಕಿ ಎಣಿಸೋದರಲ್ಲೇ ಇದ್ದೀರಿ. ಪ್ರಿಫಿಕ್ಸ್ ಕನ್ನಡದಲ್ಲಿದ್ರೆ ಏನಾಗುತ್ತೆ ಕೇಳಿ.

ರೈತರ ಅರ್ಜಿಗಳ ಪಟ್ಟಿ, ಪ್ರತೀ ಸಾಲೂ ಊರಿನ ಹೆಸರಿಂದ ಶುರು, ಆಮೇಲೆ ಒಂದು ಕೋಲನ್, ಆಮೇಲೆ ವಿವರ. ಎಲ್ಲಾ ಯುಟಿಎಫ್-8, ಅಂದ್ರೆ ಯೂನಿಕೋಡ್ ಅಕ್ಷರಗಳನ್ನ ಬೈಟುಗಳಾಗಿ ಬರೆಯೋ ರೀತಿ. ಮೈಸೂರಿನವನ್ನ ಒಂದು ಫೈಲಿಗೆ ತೆಗೆದಿಡಬೇಕಿತ್ತು. ಬರೆದ ಹುಡುಗ ಮೈ, ಸೂ, ರು ಅಂತ ಬೆರಳು ಮಡಚಿ ಎಣಿಸಿ ಸ್ಟ್ರ್‌ಎನ್‌ಕಂಪಿಗೆ 3 ಕೊಟ್ಟಿದ್ದ. ನಾವು ಶಾಲೆಯಲ್ಲಿ ಕಲಿತ ಎಣಿಕೆ ಅದೇ ತಾನೇ, ತಪ್ಪೇನಿಲ್ಲ.

ಸ್ಟ್ರ್‌ಎನ್‌ಕಂಪ್ ಎಣಿಸೋದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಮೈಸೂರು ಕಣ್ಣಿಗೆ ಮೂರಕ್ಷರ. ಒಳಗೆ ಮ, ಐತ್ವ, ಸ, ದೀರ್ಘ ಊಕಾರ, ರ, ಉಕಾರ, ಆರು ಸಂಕೇತ, 18 ಬೈಟ್. ಅವನು ಕೊಟ್ಟ 3 ಅಂದ್ರೆ ಬರೀ ಮ. ಐತ್ವ ಕೂಡ ಇಲ್ಲ.

ಮ ಇಂದ ಶುರುವಾಗೋದೆಲ್ಲ ಮೈಸೂರಾಯ್ತು. ಮಂಡ್ಯ, ಮದ್ದೂರು, ಮಳವಳ್ಳಿ, ಏಳು ತಾಲ್ಲೂಕಲ್ಲಿ ಮೂರು ಹೋದವು. ಮೇಲುಕೋಟೆಯೂ ಹೋಯ್ತು. ನಮ್ಮ ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್.ಪೇಟೆ ಬೇರೆ ಅಕ್ಷರದ ಪುಣ್ಯದಿಂದ ಉಳಿದವು.

ಅವನು 2 ಕೊಟ್ಟಿದ್ರೆ ಇನ್ನೂ ಮಜಾ. ಮ ಅಕ್ಷರದ ಮೂರು ಬೈಟ್ 224, 178, 174. ಈಗ ಬಳಕೆಯಲ್ಲಿರೋ ಕನ್ನಡದ ಎಲ್ಲಾ ಸ್ವರ, ಎಲ್ಲಾ ವ್ಯಂಜನಗಳ ಮೊದಲ ಎರಡು ಬೈಟ್ ಇದೇ 224, 178. ಮೂರನೇದು ಮಾತ್ರ ಬೇರೆ. ಎರಡು ಬೈಟ್ ಹೋಲಿಸಿದ್ರೆ ಅರಕಲಗೂಡಿಂದ ಹುಣಸೂರಿನ ತನಕ ಕನ್ನಡದಲ್ಲಿ ಬರೆದ ಪ್ರತೀ ಊರೂ ಮೈಸೂರು.

ಇದು ಕೈ ಎಣಿಕೆಯ ತಪ್ಪು, ನಿಮ್ಮ ಫಂಕ್ಷನ್ ಹಾಕಿದ್ರೆ ಸರಿಹೋಗುತ್ತೆ. ಆದರೆ ಅದಕ್ಕೂ ಸಿಗದೇ ಇರೋದೊಂದಿದೆ. ಮೈ ಅಕ್ಷರದ ಐತ್ವವನ್ನ ಯೂನಿಕೋಡಿನಲ್ಲಿ ಎರಡು ರೀತಿ ಬರೀಬಹುದು. ಒಂದೇ ಸಂಕೇತವಾಗಿ, ಇಲ್ಲಾ ಎತ್ವ ಒಂದು, ಅದರ ಕೆಳಗಿನ ಬಾಲ ಒಂದು, ಹೀಗೆ ಎರಡಾಗಿ. ಪರದೆ ಮೇಲೆ ಎರಡೂ ಒಂದೇ. ಒಳಗೆ ಎರಡನೇ ಮೈಸೂರು ಏಳು ಸಂಕೇತ, 21 ಬೈಟ್. ಬೈಟ್ ಹೋಲಿಸೋ ಯಾವ ಫಂಕ್ಷನ್ನಿಗೂ ಇವೆರಡು ಬೇರೆ ಊರು. ಏ, ಒ, ಓ ಸ್ವರಗಳ ಚಿಹ್ನೆಗೂ, ದೀರ್ಘ ಈಕಾರದ ಚಿಹ್ನೆಗೂ ಇದೇ ಕಥೆ. ನಮಗೆ ಬಂದ ಪಟ್ಟಿಯಲ್ಲಿ ಎರಡೂ ಬೆರೆತಿತ್ತು, ಬಹುಶಃ ಬೇರೆ ಬೇರೆ ಕಡೆ ಟೈಪ್ ಮಾಡಿದ್ದು. ಓದಿದ ತಕ್ಷಣ ಎಲ್ಲವನ್ನೂ ಒಂದೇ ರೂಪಕ್ಕೆ ತಂದು, ಅಂದ್ರೆ ನಾರ್ಮಲೈಸ್ ಮಾಡಿ, ಆಮೇಲೆ ಹೋಲಿಸಬೇಕು. ಸಿ ಲೈಬ್ರರಿಯಲ್ಲಿ ಅದು ಇಲ್ಲ, ಐಸಿಯು ಥರದ ಯೂನಿಕೋಡ್ ಲೈಬ್ರರಿ ಬೇಕು.

ಹಾಗೇ ಪ್ರಿಫಿಕ್ಸ್ ದಾಟಿದ ಮೇಲೆ ಜಾಗ ಬಿಟ್ಟಿದೆಯಾ ಅಂತ ಇಸ್‌ಸ್ಪೇಸ್ ಕೇಳ್ತೀರಲ್ಲ, ಅದಕ್ಕೆ ಕನ್ನಡ ಬೈಟನ್ನ ಹಾಗೇ ಕೊಡಬೇಡಿ. ಇಂಟೆಲ್ ಮೆಷಿನ್ನುಗಳಲ್ಲಿ ಕ್ಯಾರ್ (ಒಂದು ಬೈಟಿನ ಟೈಪ್) ಸಾಮಾನ್ಯವಾಗಿ ಸೈನ್ಡ್, ಅಂದ್ರೆ ಮೈನಸ್ಸೂ ಹಿಡಿಯುತ್ತೆ, ಹಾಗಾಗಿ 224 ಅನ್ನೋದು ‘ಮೈನಸ್ 32’ ಆಗಿ ಹೋಗುತ್ತೆ. ಮೊದಲು ಅನ್‌ಸೈನ್ಡ್ ಕ್ಯಾರ್ ಮಾಡಿ ಕೊಡಿ.

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅಂತ ಇಲ್ಲ, ಅಷ್ಟಾದರೂ ಉಳೀತು.

ಸಕ್ಕರೆನಾಡಿನವ

1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆ ಮಾಡ್ಕೊಂಡ ಮಂಡ್ಯನ ಒಂದು 3 ಬರೆದು ವಾಪಸ್ ಸೇರಿಸ್ಬುಟ್ನಲ್ಲ ಆ ಹೈದ! ಕಾವೇರಿ ನೀರಿನ ಪಾಲಿಗೆ ಅವನನ್ನ ಬುಡಬೇಡಿ.

ಸೈಜಾಫ್ ವಿಷ್ಯ ಒಪ್ಕೊಂಡೆ ಮೇಡಂ. ಮನೇಲಿ ನೋಡಿದೆ, ಒಂದು ಕಡೆ ಟೇಬಲ್ ಮೇಲೆ ಹಾಕಿದ್ದೆ. ಯಾರೂ ಆ ಆಪ್ಷನ್ ಒತ್ತಿಲ್ಲ, ಅದಕ್ಕೆ ಹತ್ತು ವರ್ಷ ನಡೆದದೆ.

ಹೆಬ್ಬಾಳ ಎಂಬೆಡೆಡ್

ಯೂನಿಕೋಡ್ ಅವರೇ, 'ಮೈಸೂರು' ಹೊಂದಿತು ಅಂದ ಮಾತ್ರಕ್ಕೆ ಊರು ಮೈಸೂರೇ ಅಂತಲೂ ಅಲ್ಲ. ಮುಂದೆ ಕೋಲನ್ ಇದೆಯಾ ನೋಡಬೇಕು. ಪ್ರಿಫಿಕ್ಸ್ ಸರಿಯಾಗಿ ಎಣಿಸಿದ್ರೂ, ಎಲ್ಲಿ ಮುಗಿಯಬೇಕು ಅಂತ ಕೇಳದಿದ್ರೆ ಕೆಡುತ್ತೆ. ಇದರಲ್ಲಿ ನಾನು ಸುಟ್ಟುಕೊಂಡಿದ್ದು ಹೇಳ್ತೀನಿ.

ಬೋರ್‌ವೆಲ್ ಮೋಟ್ರಿಗೆ ಹಾಕೋ ಮೊಬೈಲ್ ಸ್ಟಾರ್ಟರ್ ಗೊತ್ತಲ್ಲ. ರೈತರು ಮನೆಯಿಂದಲೇ ಮೆಸೇಜ್ ಕಳಿಸಿದ್ರೆ ಗದ್ದೇಲಿ ಮೋಟ್ರು ಆನ್. ಒಳಗೆ ಒಂದು ಜಿಎಸ್‌ಎಂ ಮೋಡೆಮ್ ಇರುತ್ತೆ, ಮೆಸೇಜ್ ಬಂದಾಗ ಅದು ನಮ್ಮ ಚಿಪ್ಪಿಗೆ ಒಂದು ಸಾಲು ಕಳಿಸುತ್ತೆ. ಪ್ಲಸ್ ಸಿಎಂಟಿ ಅಂತ ಬಂದ್ರೆ ಮೆಸೇಜೇ ಬಂದಿದೆ, ಮುಂದಿನ ಸಾಲಲ್ಲಿ ಓದಿಕೋ ಅಂತ ಅರ್ಥ. ಪ್ಲಸ್ ಸಿಎಂಟಿಐ ಅಂತ ಬಂದ್ರೆ ಮೆಸೇಜನ್ನ ಸಿಮ್ಮಿನಲ್ಲಿ ಇಂಥ ಜಾಗದಲ್ಲಿ ಇಟ್ಟಿದ್ದೀನಿ, ಬೇಕಾದ್ರೆ ಕೇಳು ಅಂತ. ಯಾವುದು ಕಳಿಸಬೇಕು ಅನ್ನೋದು ಮೋಡೆಮಿನ ಒಂದು ಸೆಟ್ಟಿಂಗ್.

ನಾನು ಬರೆದ ಪ್ರಿಫಿಕ್ಸಲ್ಲಿ ಕೋಲನ್ ಇರಲಿಲ್ಲ. ಪ್ಲಸ್ಸು, ಸಿ, ಎಂ, ಟಿ ಅಷ್ಟೇ. ಎರಡನೇ ಸಾಲಿನ ಹೆಸರೂ ಹಾಗೇ ಶುರುವಾಗುತ್ತೆ! ಒಂದು ಬ್ಯಾಚ್ ಮೋಡೆಮುಗಳಲ್ಲಿ ಆ ಸೆಟ್ಟಿಂಗ್ ಬೇರೆ ಇತ್ತು. ಸಿಎಂಟಿಐ ಬಂತು, ನನ್ನ ಕೋಡ್ ಅದನ್ನ ಸಿಎಂಟಿ ಅಂದುಕೊಂಡು ಮುಂದಿನ ಸಾಲು ಓದೋಕೆ ಕಾಯ್ತು. ಆ ಸಾಲು ಬರಲೇ ಇಲ್ಲ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದು ಹೋಗಿದೆ, ಮೋಟ್ರು ಕದಲಿಲ್ಲ. ಬೆಳಿಗ್ಗೆ ಮಳವಳ್ಳಿ ಕಡೆಯ ಒಬ್ಬ ರೈತರು ಫೋನಲ್ಲಿ ನನಗೆ ಹೇಳಿದ್ದನ್ನ ಇಲ್ಲಿ ಬರೆಯೋಕೆ ಆಗಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಈಗ ಕೋಲನ್ ಪ್ರಿಫಿಕ್ಸಿನ ಒಳಗೇ ಇದೆ.

ಸರಸ್ವತಿಪುರಂ ಮೇಷ್ಟ್ರು

ಪಹಣಿ ನೋಡೋರಿಗೆ ಇದು ಚೆನ್ನಾಗಿ ಗೊತ್ತು. ಸರ್ವೆ ನಂಬರ್ 45 ಅಂತ ಹುಡುಕಿದ್ರೆ 45/2 ಬಂದ್ರೆ ಸರಿ, ಅದೇ ಜಮೀನಿನ ಪೋಡಿ. 451 ಬಂದ್ರೆ ಬೇರೆಯವರ ಜಮೀನು. ಹೊಂದಿದ ಮೇಲೆ ಮುಂದಿನ ಒಂದು ಅಕ್ಷರ ನೋಡಬೇಕು, ಅದು ಓರೆ ಗೆರೆನೋ, ಸ್ಟ್ರಿಂಗ್ ಮುಗಿದಿದೆಯೋ ಅಂತ. ಫೈಲ್ ಪಾತ್‌ಗಳಿಗೂ ಇದೇ. ಒಂದು ಫೋಲ್ಡರಿನ ಒಳಗೆ ಮಾತ್ರ ಓದೋಕೆ ಬಿಡ್ತೀನಿ ಅಂತ ಬರೀ ಪ್ರಿಫಿಕ್ಸ್ ನೋಡಿದ್ರೆ, 'ರವಿ' ಫೋಲ್ಡರಿಗೆ ಬಿಟ್ಟವನು 'ರವಿಕುಮಾರ' ಫೋಲ್ಡರಿಗೂ ಹೋಗ್ತಾನೆ. ಡಾಟ್ ಡಾಟ್ ಹಾಕಿ ಹಿಂದಕ್ಕೆ ಹೋಗೋ ಕಥೆ ಬೇರೆ, ಅದನ್ನ ಮೊದಲು ಬಿಡಿಸಿಕೊಂಡು ಆಮೇಲೆ ನೋಡಬೇಕು.

ಐದನೇ ಸೆಮ್

ಒಂಟಿಕೊಪ್ಪಲ್ ಸಾರ್, ನಿಮ್ಮ ಫಂಕ್ಷನ್ ಬರೆದೆ. ಕಂಪೈಲ್ ಆಗ್ತಿಲ್ಲ. ಕೊನೇ ಆರ್ಗ್ಯುಮೆಂಟಿಗೆ ಇನ್‌ಕಂಪ್ಯಾಟಿಬಲ್ ಪಾಯಿಂಟರ್ ಅಂತ ಎರರ್. ಫ್ರೆಂಡ್ ಲ್ಯಾಪ್‌ಟಾಪಲ್ಲಿ ಬರೀ ವಾರ್ನಿಂಗ್ ಬರ್ತಿದೆ.

ಒಂಟಿಕೊಪ್ಪಲ್ ಪಾಯಿಂಟರ್

ನಿನ್ನ ಕಂಪೈಲರ್ ಜಿಸಿಸಿ 14 ಅಥವಾ ಅದಕ್ಕಿಂತ ಹೊಸದು ಇರಬೇಕು, ಅದರಿಂದ ಈಚೆಗೆ ಅದು ಎರರ್. ಉಳಿದ ಭಾಗ ಹಿಡಿಯೋ ಪಾಯಿಂಟರನ್ನ ನೀನು ಬರೀ ಕ್ಯಾರ್ ಪಾಯಿಂಟರ್ ಅಂತ ಮಾಡಿದ್ದೀಯ, ಫಂಕ್ಷನ್ ಕೇಳ್ತಿರೋದು ಕಾನ್ಸ್ಟ್ (ತಿದ್ದಬಾರದು ಅನ್ನೋ ಗುರುತು) ಕ್ಯಾರ್ ಪಾಯಿಂಟರಿನ ವಿಳಾಸ. ಟೈಪನ್ನ ಬಲವಂತವಾಗಿ ಬದಲಾಯಿಸೋ ಕಾಸ್ಟ್ ಹಾಕಿ ಬಾಯಿ ಮುಚ್ಚಿಸಬೇಡ. ನಿನ್ನ ವೇರಿಯಬಲ್ಲಿಗೇ ಕಾನ್ಸ್ಟ್ ಸೇರಿಸು. ನೀನು ಓದೋದು ಮಾತ್ರ, ತಿದ್ದೋದಿಲ್ಲವಲ್ಲ.

ಇನ್ನೊಂದು ಅನುಕೂಲ ಇದರಲ್ಲಿ. ಇನ್‌ಪುಟ್ ಪಾಯಿಂಟರನ್ನೇ ಔಟ್‌ಪುಟ್ಟಿಗೂ ಕೊಡಬಹುದು. ಹೊಂದದಿದ್ರೆ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀವಲ್ಲ, ಹಾಗಾಗಿ 0821 ನೋಡು, ಇಲ್ಲದಿದ್ರೆ 08232 ನೋಡು ಅಂತ ಒಂದರ ಕೆಳಗೊಂದು ಬರೆದ್ರೂ ಪಾಯಿಂಟರ್ ಅರ್ಧಕ್ಕೆ ಕೆಟ್ಟು ಕೂರಲ್ಲ.

ಸಕ್ಕರೆನಾಡಿನವ

ಎಲ್ಲಾ ಸರಿ ಕಣಣ್ಣ. ನಿನ್ನ ಫೋನಿನ ಕಥೆ ಏನಾಯ್ತು ಅಂತ ಹೇಳ್ಲೇ ಇಲ್ಲ. ಸರಿ ಮಾಡಿದ ಮೇಲೆ ಎಲ್ಲರಿಗೂ ಫೋನ್ ಹೋಯ್ತಾ?

ಒಂಟಿಕೊಪ್ಪಲ್ ಪಾಯಿಂಟರ್

ಅದನ್ನ ಹೇಳದೆ ಬಿಟ್ಟಿದ್ದೇ ನಾಚಿಕೆಗೆ. ಸರಿ ಮಾಡಿದ ಮಾರನೇ ದಿನ ರಿಪೋರ್ಟಲ್ಲಿ ಹೊಸ ತಲೆನೋವು. 'ಗೊತ್ತಿಲ್ಲದ ಊರು' ಅನ್ನೋ ಸಾಲು ಒಮ್ಮೆಗೇ ಉದ್ದ ಆಗಿತ್ತು. ತೆಗೆದು ನೋಡಿದ್ರೆ ನಾಗಮಂಗಲದ 08234, ಪಾಂಡವಪುರದ 08236. ನಾನು ಅವಕ್ಕೆ ಕೋಡ್ ಬರೆದೇ ಇರಲಿಲ್ಲ! ಮುಂಚೆ ನನ್ನ ತಪ್ಪು 4ರಿಂದ 0823 ಇದ್ದದ್ದೆಲ್ಲ ಮಂಡ್ಯದ ಲೆಕ್ಕಕ್ಕೆ ನುಗ್ಗಿ, ಏಳಂಕಿ ಆಗಿ, ಮೈಸೂರಲ್ಲಿ ಯಾರಿಗೋ ಡಯಲ್ ಆಗ್ತಿದ್ದವು. ರಿಪೋರ್ಟಿನಲ್ಲಿ ಮಾತ್ರ 'ಕರೆ ಮಾಡಲಾಗಿದೆ'. ಈಗ ಅವಕ್ಕೆ ಕರೆಯೇ ಇಲ್ಲ.

ಮ್ಯಾನೇಜರ್ ಕೇಳಿದ್ದು ಒಂದೇ ಮಾತು. 'ನಿನ್ನೆ ತನಕ ಹೋಗ್ತಿತ್ತಲ್ಲ, ನೀನು ಮುಟ್ಟಿದ ಮೇಲೆ ಯಾಕೆ ನಿಂತಿತು?'

ಸಕ್ಕರೆನಾಡಿನವ

ಅಯ್ಯೋ! ನಮ್ಮ ಮಾವಂದು ನಾಗಮಂಗಲ. ಲ್ಯಾಂಡ್‌ಲೈನೇ ಇನ್ನೂ. ಒಂದು ಕಚೇರಿಯವರು ಬಾಕಿ ಇದೆ ಅಂತ ಒಂದು ಫೋನ್ ಮಾಡ್ದೆ ನೇರ ನೋಟಿಸ್ ಕಳಿಸಿದ್ರು ಅಂತ ಆಗ ಕೂಗಾಡಿದ್ದ. ಅದು ನೀನೇನಾ?

ಒಂಟಿಕೊಪ್ಪಲ್ ಪಾಯಿಂಟರ್

ಕೋಡುಗಳನ್ನೆಲ್ಲ ಟೇಬಲ್ಲಿಗೆ ಹಾಕಿ, ಉದ್ದದ ಪ್ರಿಫಿಕ್ಸ್ ಮೊದಲು ಬರೋ ಹಾಗೆ ಜೋಡಿಸಿ, ಅದರ ಮೇಲೆ ಅದೇ ಫಂಕ್ಷನ್ ಓಡಿಸಿದೆ. ಮೇಡಂ ಹೇಳಿದ ಹಾಗೆ ಸೈಜಾಫ್ ಎಲ್ಲೂ ಇಲ್ಲ. ಅದಕ್ಕೆ ಒಂದು ವಾರ ಹಿಡೀತು. ನಿಮ್ಮ ಮಾವನಿಗೆ ನೋಟಿಸ್ ಬಂದಿದ್ದು ಯಾವ ತಿಂಗಳು ಅಂತ ಒಸಿ ಕೇಳಿ ಹೇಳ್ತೀರಾ?